ಪಂಖಕ್ಕೆ ಕತ್ತರಿ ಕೂರಿಸುತ್ತಿದ್ದ ಶರೀಫ ಸಾಹೇಬರು

ಶರೀಫ ಸಾಹೇಬರನ್ನು ಮೊದಲು ಕಂಡ ದಿನ ಅಕ್ಕು ಅವರನ್ನು ಚಿಂದಿಯವರೆಂದು ತಿಳಿದು ಬಾಗಿಲಿನಿಂದಲೇ ಸಾಗಹಾಕಲು ನೋಡಿದ್ದಳು.

ಮುಂಬಯಿಯ ಸಯನ್ನಿನ ಆ ಚಾಳಿನಲ್ಲಿ ಮಧ್ಯಾಹ್ನವೆಂದರೆ ನಲ್ಲಿಯಲ್ಲಿ ನೀರಿಲ್ಲದ, ಓಣಿಯಲ್ಲಿ ಮಾತಿಲ್ಲದ ಹೊತ್ತು. ಅಕ್ಕು ಹೊಲಿಗೆ ಮೆಷಿನನ್ನು ಹೊಸ್ತಿಲ ಬೆಳಕಿಗೆ ಎಳೆದುಕೊಂಡು ಯಾರದೋ ರೇಷ್ಮೆ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಮಾಟುಂಗದ ಹೋಟೆಲಿನಲ್ಲಿ ಅಡುಗೆಗಿದ್ದ ಗಂಡ ರಮಾನಾಥ ತೀರಿಕೊಂಡ ಮೇಲೆ ಅವಳ ಒಲೆ ಉರಿಯುತ್ತಿದ್ದದ್ದೇ ಈ ಫಾಲು, ಪೀಕೋಗಳಿಂದ. ಸೀರೆಯ ಮೇಲೆ ನೆರಳು ಬಿತ್ತು. ತಲೆ ಎತ್ತಿದರೆ ಬಿಳಿ ಗಡ್ಡದ ಮುದುಕರೊಬ್ಬರು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಗೋಣಿಚೀಲ ಹಿಡಿದು ನಿಂತಿದ್ದರು.

“ಅಕ್ಕಾರ, ಸೀರಿ ಅಂಚು, ಚಿಂದಿ ಏನರ ಅದಾವೇನ್ರಿ?”

“ಚಿಂದಿ ಕೊಡುದಿಲ್ಲ. ಮುಂದೆ ಹೋಗಿ.”

“ನಾ ಚಿಂದಿ ಮಾರಾಂವಲ್ರಿ. ಕೊಯ್ಯಾಂವ.”

“ಎಂತ, ಕೊಯ್ಯುದಾ?” ಅಕ್ಕುವಿನ ಕೈ ತಾನಾಗಿ ಕತ್ತರಿಯ ಮೇಲೆ ಹೋಯಿತು.

ಮುದುಕರು ನಕ್ಕು, ಹೊಸ್ತಿಲಿಂದ ದೂರವೇ ಕುಳಿತು, ಚೀಲದಿಂದ ಎರಡು ಉಕ್ಕಿನ ತುಂಡುಗಳನ್ನು ತೆಗೆದರು. ಒಂದು ದೋಸೆಯನ್ನು ನಡುವೆ ಕೊಯ್ದು, ಅಂಚಿಗೆ ಗರಗಸದ ಹಲ್ಲು ಕೂರಿಸಿದ ಹಾಗೆ ಇದ್ದವು. ತಾವು ಏಣಿಮೆಟ್ಟಿಲ ಕೆಳಗಿನ ಕೋಣೆಗೆ ಹೊಸದಾಗಿ ಬಂದವರು, ಹೆಸರು ಶರೀಫ, ವಿಜಾಪುರದ ಕಡೆಯವರು, ಗಾಳಿದೋಣಿಗಳ ಪಂಖಕ್ಕೆ ಇಂಥ ಕತ್ತರಿ ಕೂರಿಸುವುದು ತಮ್ಮ ಕೆಲಸ ಎಂದರು. ಪಂಖವೆಂದರೆ ದೋಣಿಯ ಹಿಂದೆ ನೀರೊಳಗೆ ತಿರುಗುವ ರೆಕ್ಕೆ. ಗಾಳಿ ನಿಂತು ಹಾಯಿ ಜೋತುಬಿದ್ದಾಗ ಗಾಳಿದೋಣಿಯೂ ಎಂಜಿನ್ ಹಾಕಿ, ಆ ಪಂಖ ತಿರುಗಿಸಿಕೊಂಡೇ ದಡ ಸೇರಬೇಕು.

“ಸಮುದ್ರದಾಗ ಹರದ ಬಲಿ, ಬಿಟ್ಟ ಹಗ್ಗ ತೇಲತಾವ್ರಿ. ಪಂಖಕ್ಕ ಸುತ್ತಿಕೊಂಡ್ವು ಅಂದ್ರ ಎಂಜಿನ್ ಗಪ್. ಅದಕ್ಕ ಪಂಖದ ಮುಂದ ಇದನ್ನ ಕೂಡಸೂದು. ಬಂದ ಹಗ್ಗ ಕೊಯ್ಕೊಂಡ ಹೋಗತೈತಿ.”

“ಹಗ್ಗ ಕೊಯ್ಯಲಿಕ್ಕೆ ಸೀರೆ ಅಂಚು ಯಾಕೆ ನಿಮಗೆ?”

“ಹಲ್ಲು ಹರಿತ ಆಗ್ಯಾವೋ ಇಲ್ಲೋ ನೋಡಾಕ್ರಿ. ಗಟ್ಟಿ ಹಗ್ಗ ಯಾವುದರ ಕೊಯ್ತೈತಿ. ಮೆತ್ತಂದು ಕೊಯ್ಯೂದ ತ್ರಾಸು.”

ಆ ಮಾತಿಗೆ ಅಕ್ಕು ಸೋತಳು. ಗಟ್ಟಿ ಖಾದಿಯನ್ನು ಯಾರಾದರೂ ಕತ್ತರಿಸಿಯಾರು. ಹಳೆಯ ರೇಷ್ಮೆ ಕತ್ತರಿಯ ಬಾಯಲ್ಲಿ ಮಡಚಿಕೊಂಡು ಒಳಗೆ ಸರಿಯುತ್ತದೆ. ಇದು ಅವಳಿಗಲ್ಲದೆ ಆ ಚಾಳಿನಲ್ಲಿ ಇನ್ನಾರಿಗೂ ಗೊತ್ತಿದೆಯೆಂದು ಅವಳು ಎಣಿಸಿರಲಿಲ್ಲ. ಡಬ್ಬಿಯಿಂದ ಒಂದೆರಡು ಪಟ್ಟಿ ತೆಗೆದುಕೊಟ್ಟಳು. ಸಾಹೇಬರು ಒಂದನ್ನು ಹಲ್ಲಿನ ಮೇಲಿಟ್ಟು, ಚೀಲದಿಂದ ಇನ್ನೊಂದು ಅಲಗು ತೆಗೆದು ಒತ್ತಿ ಎಳೆದರು. ಬಟ್ಟೆ ತುಂಡಾಗಲಿಲ್ಲ, ಮಡಚಿಕೊಂಡು ಸಿಕ್ಕಿಬಿತ್ತು.

“ಜಗೀತು,” ಅಂದಳು ಅಕ್ಕು. “ನಡುವೆ ಸಂದು ಬಿಟ್ಟಿದ್ದೀರಿ. ಎರಡು ಅಲಗೂ ಒಂದನ್ನೊಂದು ಸವರಿಕೊಂಡು ಹೋಗ್ಬೇಕು. ಇಲ್ಲಿ ಕೇಳಿ.” ತನ್ನ ಕತ್ತರಿಯನ್ನು ಗಾಳಿಯಲ್ಲೇ ಆಡಿಸಿ ತೋರಿಸಿದಳು.

“ನೀವು ನನಗ ಉಸ್ತಾದ್ ಆದ್ರಿ ನೋಡ್ರಿ,” ಎಂದು ಸಾಹೇಬರು ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಎದುರು ಕೋಣೆಯ ರುದ್ರವ್ವ ಅಕ್ಕಿ ಆರಿಸುವ ಮೊರದ ಮೇಲಿಂದ ಎಲ್ಲವನ್ನೂ ನೋಡಿದವಳು, “ಏನವಾ ಅಕ್ಕು, ಮುದುಕಗ ಕತ್ತರಿ ವಿದ್ಯಾ ಕಲಿಸಾಕತ್ತಿ? ನನಗೊಂದು ಜಂಪರ್ ಹೊಲಿ ಅಂದ್ರ ಕೈನೋವು ನಿನಗ!” ಎಂದಳು.

ಅಲ್ಲಿಂದ ಮುಂದೆ ಸಾಹೇಬರು ಚಿಂದಿಗೆಂದು ಬರುವುದು, ಮೆಟ್ಟಿಲ ಮೇಲೆ ಕೂರುವುದು, ಅಕ್ಕು ಚಾ ಕೊಡುವುದು ರೂಢಿಯಾಯಿತು. ಮೊದಮೊದಲು ಅವರಿಗೆಂದೇ ಬೇರೆ ಗ್ಲಾಸು ಇಟ್ಟಿದ್ದಳು. ಒಂದು ದಿನ ಅದು ಮನೆಯ ಗ್ಲಾಸುಗಳಲ್ಲಿ ಬೆರೆತುಹೋಯಿತು. ಅವಳು ಹುಡುಕಲಿಲ್ಲ.

ಹೀಗೆ ಕೂತಾಗಲೆಲ್ಲ ಸಾಹೇಬರು ತಮ್ಮ ಫೋನನ್ನು ಮೇಲಿನ ಮೆಟ್ಟಿಲ ಮೇಲೆ, ಅಂಗಾತ ಇಡುತ್ತಿದ್ದರು. ಅಲ್ಲಿ ರೇಂಜ್ ಚೆನ್ನಾಗಿ ಬರುತ್ತದಂತೆ. ಮಾತಿನ ನಡುವೆ ಅದರತ್ತ ಒಮ್ಮೆ ಕಣ್ಣು ಹಾಯಿಸುವರು. ಅದು ಸದ್ದು ಮಾಡುತ್ತಿದ್ದದ್ದು ಕಡಿಮೆ.

ಅವರ ಕತೆ ಅಕ್ಕುವಿಗೆ ತುಂಡು ತುಂಡಾಗಿ ಸಿಕ್ಕಿತು. ಊರು ಕೃಷ್ಣೆಯ ದಂಡೆಯಲ್ಲಿತ್ತು. ಹೆಂಗಸರು ನೀರಿಗೆ ಬಂದಾಗ ಯಾರದೋ ಕೊಡ ಕೈಜಾರಿ ಮಡುವಿಗೆ ಬಿದ್ದರೆ, “ಶರೀಫನ್ನ ಕರೀರಿ” ಎಂಬ ಕೂಗು ಓಣಿಗೆ ಬರುತ್ತಿತ್ತು. ಚಡ್ಡಿ ಹಾಕುವ ವಯಸ್ಸಿನಿಂದ ಅವರನ್ನು ಊರು ಕರೆದದ್ದು ಅದೊಂದಕ್ಕೇ. ಮುಳುಗಿ, ಕೆಸರಿನಲ್ಲಿ ತಡಕಿ, ಕೊಡ ಎತ್ತಿಕೊಂಡು ಮೇಲೆ ಬಂದರೆ ದಂಡೆಯ ಮೇಲಿದ್ದವರೆಲ್ಲ ಹೋ ಎನ್ನುತ್ತಿದ್ದರಂತೆ. ಆಮೇಲೆ ಅಣೆಕಟ್ಟಿನ ಹಿನ್ನೀರು ಬಂದು ಊರಿನ ಮೇಲೆಯೇ ನಿಂತಿತು. ಹೆಂಡತಿ ನಜಮುನ್ನೀಸಾಳನ್ನು ಕರೆದುಕೊಂಡು ಮುಂಬಯಿಗೆ ಬಂದರು. ಧಾರಾವಿಯ ಚರ್ಮದ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ, ಆಮೇಲೆ ಬಂದರಿನಲ್ಲಿ. ಅಲ್ಲಿ ಒಂದು ದೋಣಿಯ ಪಂಖಕ್ಕೆ ಹಗ್ಗ ಸುತ್ತಿಕೊಂಡು ಎಲ್ಲರೂ ಮೇಲಿಂದ ಕೋಲು ಹಾಕಿ ತಿವಿಯುತ್ತ ನಿಂತಿದ್ದಾಗ, ಇವರು ಬಾಯಲ್ಲಿ ಚೂರಿ ಕಚ್ಚಿಕೊಂಡು ಧುಮುಕಿದರು.

“ಕಣ್ಣಿಗೆ ಎಂತ ಕಾಣ್ತದೆ ಆ ನೀರಲ್ಲಿ?” ಎಂದು ಅಕ್ಕು ಕೇಳಿದ್ದಳು.

“ಏನೂ ಕಾಣಂಗಿಲ್ರಿ. ಡಾಂಬರ್ ಇದ್ದಂಗ ಇರ್ತೈತಿ. ಬೆರಳ ಕಣ್ಣು. ಹಗ್ಗ ಎಲ್ಲಿಂದ ಸುತ್ತೈತಿ, ಎಲ್ಲಿ ಕೊಯ್ದ್ರ ಬಿಚ್ಚತೈತಿ, ಎಲ್ಲಾ ಬೆರಳಿಗೇ.”

ಮುಂದೆ ಬಂದರಿನ ಗಾಳಿದೋಣಿಯವರ ಬಾಯಲ್ಲೂ ಅದೇ ಮಾತು: ರಸ್ಸಿ ಸಿಕ್ಕಿದೆ, ಶರೀಫನನ್ನು ಕರೆಯಿರಿ. ಭಾನುವಾರ, ಹಬ್ಬ, ರೋಜಾ ಎಂದಿಲ್ಲ. ನಜಮುನ್ನೀಸಾ ತಟ್ಟೆ ಮುಚ್ಚಿಟ್ಟು ಕಾಯುವಳು. ಮಕ್ಕಳಿರಲಿಲ್ಲ.

ಆಮೇಲೆ ಹೊರದೇಶದಿಂದ ಈ ಕತ್ತರಿಗಳು ಬಂದವು. ಕೂರಿಸಲು ಯಾರನ್ನು ಕರೆಯುವುದು? ಹಗ್ಗ ಎಲ್ಲಿ ಕಚ್ಚುತ್ತದೆಂದು ಬೆರಳಿನಿಂದ ಬಲ್ಲವರು ಶರೀಫ ಸಾಹೇಬರೇ. ಅವರು ಒಂದೊಂದೇ ದೋಣಿಗೆ ಅಚ್ಚುಕಟ್ಟಾಗಿ ಕೂರಿಸಿದರು. ಕೂರಿಸಿದ ದೋಣಿಗೆ ಹಗ್ಗ ಸಿಕ್ಕುತ್ತಿರಲಿಲ್ಲ. ಸಿಕ್ಕದ ದೋಣಿಯವರು ಕರೆಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ವರ್ಷವೇ ಫೋನೂ ಮಾತು ಕಡಿಮೆ ಮಾಡಿತು. ಕೊನೆಗೆ ಕತ್ತರಿಯಿಲ್ಲದ ಒಂದೇ ಒಂದು ದೋಣಿ ಉಳಿಯಿತು. ಅದು ಪವಾಯಿಯ ಮನೀಶನದು.

ಮನೀಶ ಮಂಗಳೂರು ಕಡೆಯವರ ಮನೆಯ ಹುಡುಗ, ಐಟಿ ಆಫೀಸಿನವನು. ರಜೆಯ ದಿನ ಹಳೆಯ ಗಾಳಿದೋಣಿಯೊಂದನ್ನು ನಡೆಸುವುದು ಅವನ ಹುಚ್ಚು. ಹೊರಟಾಗಲೆಲ್ಲ ಅವನಿಗೆ ಎಲ್ಲಿಯದೋ ಹಗ್ಗ ಕಾದುಕೊಂಡಿರುತ್ತಿತ್ತು. “ಅಂಕಲ್, ಫಿರ್ ಸೆ! ಮತ್ತೆ ಹಗ್ಗ!” ಎಂದು ಅವನು ಫೋನು ಮಾಡಿದರೆ ಸಾಹೇಬರು ಬೈಯುತ್ತಲೇ ಏಳುವರು, ಏಳುವಾಗ ಮುಖದಲ್ಲಿ ಮದುವೆಗೆ ಹೊರಟವರ ಕಳೆ.

ಮಳೆಗಾಲಕ್ಕೆ ಮುಂಚಿನ ಅಂಥ ಒಂದು ದಿನ ಹೋದವರು ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಬಲಗಿವಿಯಿಂದ ರಕ್ತ ಸೋರಿ ಅಂಗಿಯ ಕಾಲರಿಗೆ ಅಂಟಿತ್ತು. ಅಕ್ಕುವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದಳು. ಕಿವಿಯ ಒಳಪರೆ ಹೋಗಿದೆ, ಇನ್ನು ನೀರಿಗೆ ಇಳಿಯಕೂಡದು, ಇಳಿದರೆ ಒಳಗೇ ತಲೆ ತಿರುಗಿ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಹೊರಗೆ ಬಂದೊಡನೆ ಸಾಹೇಬರು ಅಂದದ್ದು ಇಷ್ಟೇ: “ಬಂದರಿನಾಗ ಯಾರಿಗೂ ಹೇಳಬ್ಯಾಡ್ರಿ.”

ಅಂದಿನಿಂದ ಅಕ್ಕು ಅವರ ಎಡಗಡೆಗೇ ಕೂತು ಮಾತಾಡತೊಡಗಿದಳು.

ಮಳೆಗಾಲದಲ್ಲಿ ದೋಣಿಗಳು ದಡದಲ್ಲಿದ್ದಾಗ ಮನೀಶ ಒಂದು ಪೆಟ್ಟಿಗೆ ಹಿಡಿದು ಚಾಳಿಗೇ ಬಂದ. “ಅಂಕಲ್, ನಿಮಗೆ ಎಷ್ಟು ಸರ್ತಿ ತ್ರಾಸ್ ಕೊಡುದು? ಕಟರ್ ತರ್ಸಿದ್ದೇನೆ. ನೀವೇ ಫಿಟ್ ಮಾಡ್ಬೇಕು, ದೂಸ್ರಾ ಕೋಯಿ ನಹೀಂ.” ಪ್ರೀತಿಯಿಂದಲೇ ಹೇಳಿದ ಮಾತು. ಸಾಹೇಬರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮಂಚದ ಕೆಳಗೆ ಇಟ್ಟರು. ಗಣಪತಿ ಹಬ್ಬ ಹೋಯಿತು, ದಸರೆ ಹೋಯಿತು, ದೋಣಿಗಳು ನೀರಿಗಿಳಿದವು. ಪೆಟ್ಟಿಗೆ ಮಂಚದ ಕೆಳಗೇ ಇತ್ತು. ಮನೀಶ ಕೇಳಿದಾಗಲೆಲ್ಲ, ಬೋಲ್ಟು ಸರಿ ಇಲ್ಲ, ಬೇರೆ ಮಾಡಿಸಬೇಕು, ಎನ್ನುತ್ತಿದ್ದರು.

ಅಕ್ಕು ಒಂದು ದಿನ ಅವರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು.

“ಬೋಲ್ಟು ಸರಿ ಇಲ್ಲ ಅಂತ ಹೇಳಿದ್ರಲ್ಲ, ಪೆಟ್ಟಿಗೆಯ ಟೇಪು ಇನ್ನೂ ಬಿಚ್ಚಲೇ ಇಲ್ಲ ಮಾರಾಯ್ರೆ. ಹೊರಗಿಂದ ಹೇಗೆ ಕಂಡಿತು ನಿಮಗೆ ಬೋಲ್ಟು?”

ಸಾಹೇಬರು ನಗಲು ನೋಡಿದರು. ನಗೆ ಬರಲಿಲ್ಲ. “ಅಕ್ಕಾರ, ಈ ಊರಾಗ ನನ್ನ ಕರಿಯೂ ದೋಣಿ ಅದೊಂದ ಉಳದೈತ್ರಿ. ಅದಕ್ಕೂ ಕತ್ತರಿ ಕೂಡಿಸಿಬಿಟ್ರ ಆತು. ಶರೀಫ ಇದ್ದಾನೋ ಸತ್ತಾನೋ ಯಾರಿಗಿ ಬೇಕು?”

“ಕೂರಿಸದಿದ್ರೆ ಅವನು ಕರೀತಾನೆ. ಕರೆದ್ರೆ ನೀವು ಆ ಕಿವಿ ಇಟ್ಕೊಂಡು ಇಳೀತೀರಿ.”

“ಇಳೀತೀನಿ.”

“ಮೇಲೆ ಬರ್ತೀರಾ?”

“ಬರಲಿಲ್ಲ ಅಂದ್ರ, ಕರದಾಗ ಹ್ವಾದಂಗಾತ್ರಿ. ಅದರಾಗೇನು ತಪ್ಪು?”

ಅಕ್ಕುವಿಗೆ ಎಂದೂ ಬಾರದ ಸಿಟ್ಟು ಬಂತು. “ನಿಮಗೆ ತಪ್ಪಿಲ್ಲ. ಆ ಹುಡುಗ? ತಾನು ಫೋನು ಮಾಡಿ ಒಬ್ಬ ಮುದುಕನ್ನ ನೀರಿಗೆ ಇಳಿಸಿದೆ ಅಂತ ಅವನು ಬದುಕಿರುವಷ್ಟು ದಿನ ಹೊತ್ಕೊಂಡು ತಿರುಗ್ಬೇಕಾ? ನಿಮ್ಮನ್ನು ಕರೆದದ್ದಕ್ಕೆ ಅದಾ ಕೊಡುದು ನೀವು?”

ಅಕ್ಕು ಚಾ ಕೊಡದೆ ಹೊರಟುಹೋದಳು. ಆದರೆ ಮರುದಿನ ಬೆಳಿಗ್ಗೆ ಅವರೇ ಅವಳ ಬಾಗಿಲಿಗೆ ಬಂದರು. ಪೆಟ್ಟಿಗೆ ಬಗಲಲ್ಲಿತ್ತು, ಟೇಪು ಬಿಚ್ಚಿತ್ತು.

“ಶುಕ್ಕರವಾರ ನೀರು ಇಳಿತೈತ್ರಿ ಮುಂಜಾನೆ. ಕತ್ತರಿ ಎರಡು ಹೋಳು. ಒಬ್ಬರು ಕೆಳಗಿಂದ ಹಿಡೀಬೇಕು, ಒಬ್ಬರು ಬೋಲ್ಟು ಬಿಗೀಬೇಕು. ಬಂದರಿನವರನ್ನ ಕರದ್ರ ನನ್ನ ತಲಿ ತಿರಗೂದು ನೋಡತಾರ. ನೀವು ಬರ್ತೀರೇನು?”

ಹೊರಟಾಗ ರುದ್ರವ್ವ ಸುಮ್ಮನೆ ಇರುತ್ತಾಳೆಯೇ? “ಹೌದೌದು, ಸಾಬರ ಸಂಗಾಟ ದೋಣಿ ಏರಾಕ ಹೊಂಟಿ. ಅರಬಸ್ಥಾನ ಮುಟ್ಟಿದ ಮ್ಯಾಲ ನನಗಷ್ಟು ಖಜೂರ ಕಳಸವಾ!”

“ಬೀಜ ತೆಗೆದು ಕಳಿಸ್ತೇನೆ, ನಿನ್ನ ಹಲ್ಲಿಗೆ,” ಎಂದು ಅಕ್ಕು ಸೆರಗು ಸಿಕ್ಕಿಸಿಕೊಂಡು ನಡೆದಳು.

ಜಿಟಿಬಿ ನಗರದಲ್ಲಿ ಹಾರ್ಬರ್ ಲೈನಿನ ಲೋಕಲ್ ಹಿಡಿದು ರೇ ರೋಡಿನಲ್ಲಿ ಇಳಿದರು. ಅಲ್ಲಿಂದ ದಾರುಖಾನ ಎಂಬ ಗುಜರಿಪೇಟೆಯ ಕಬ್ಬಿಣದ ಗುಡ್ಡೆಗಳ ನಡುವೆ ನಡೆದು ನೀರಿನ ಅಂಚಿಗೆ. ನೀರು ಇಳಿದು ಹೋಗಿ ಕಪ್ಪು ಕೆಸರು ಬಿದ್ದಿತ್ತು. ಮನೀಶನ ದೋಣಿಯನ್ನು ಹಳೆಯ ಕಲ್ಲುಗೋಡೆಗೆ ಒರಗಿಸಿ ಕಟ್ಟಿದ್ದರು. ಕಡಲ ಊರಿನಲ್ಲಿ ಹುಟ್ಟಿದರೂ ಅಕ್ಕು ದೋಣಿಗಳನ್ನು ನೋಡಿದ್ದು ಮೇಲಿನಿಂದಷ್ಟೇ. ಇದರ ಹೊಟ್ಟೆ ಇಷ್ಟು ದೊಡ್ಡದು, ಇಷ್ಟು ಬೆತ್ತಲೆ ಎಂದು ಅವಳಿಗೆ ತಿಳಿದಿರಲಿಲ್ಲ. ಮನೀಶ ಗೋಡೆಯ ಮೇಲೆ ನಿಂತು ಯಾರೊಡನೆಯೋ ಆಫೀಸಿನ ಮಾತಾಡುತ್ತಿದ್ದ. ಇವರನ್ನು ಕಂಡು ಕೈಯೆತ್ತಿದ.

ಏಣಿ ಇಳಿದು ಸಾಹೇಬರು ಕೆಸರಿನಲ್ಲಿ ಹಲಗೆ ಹಾಸಿದರು. ಪಂಖಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆದರು. ಪಂಖ ತಿರುಗಿಸುವ ಸರಳಿನ ಮೇಲೆ, ತುಕ್ಕು ಹಿಡಿಯದಿರಲೆಂದು ಕೂರಿಸಿದ್ದ ಸತುವಿನ ಉಂಡೆಯನ್ನು ಸಡಿಲಿಸಿ, ಜಾಗ ಮಾಡಿ ಬಿಗಿದರು. ಅಕ್ಕು ಕೆಳಗಿನ ಹೋಳನ್ನು ಎರಡು ಅಂಗೈಯಲ್ಲಿ ಎತ್ತಿ ಹಿಡಿದಳು. ಮೇಲಿನ ಹೋಳು ಅದರ ಮೇಲೆ ಕೂತು ದುಂಡಗಾಯಿತು. ಸಾಹೇಬರು ಈ ಬದಿಗೆ ಅರ್ಧ ಸುತ್ತು, ಆ ಬದಿಗೆ ಅರ್ಧ ಸುತ್ತು ಎಂದು ಬೋಲ್ಟು ಬಿಗಿಯುತ್ತ ಹೋದರು. ಒಂದೇ ಬದಿಗೆ ಬಿಗಿದರೆ ಇನ್ನೊಂದು ಬಾಯಿ ಬಿಡುತ್ತದಂತೆ. ನಡುನಡುವೆ ಕಣ್ಣು ಮುಚ್ಚಿ ಗೋಡೆಗೆ ಕೈ ಕೊಡುವರು. ಅಕ್ಕು ನೋಡದವಳಂತೆ ನೋಡುವಳು. ಕೊನೆಗೆ ತಿರುಗದ ಅಲಗು. ಅದನ್ನು ದೋಣಿಯ ಮೈಗೇ ಕಚ್ಚಿಸಬೇಕು. ತಿರುಗುವ ಹಲ್ಲು ಈ ನಿಂತ ಅಲಗನ್ನು ಸವರಿಕೊಂಡು ಹೋದರೇ ಅದು ಕತ್ತರಿ.

“ಆತ್ರಿ,” ಎಂದರು. “ಪಟ್ಟಿ ಕೊಡ್ರಿ.”

ಅಕ್ಕು ತನ್ನದೇ ಹಳೆಯ ಸೀರೆಯ ಮೆತ್ತನೆಯ ಪಟ್ಟಿಯೊಂದನ್ನು ತಂದಿದ್ದಳು. ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಹಲ್ಲಿಗೆ ಕೊಟ್ಟಳು. ಸಾಹೇಬರು ಪಂಖವನ್ನು ಕೈಯಿಂದ ತಿರುಗಿಸಿದರು. ಪಟ್ಟಿ ಒಳಗೆ ಹೋಯಿತು, ಮಡಚಿತು, ನಿಂತಿತು.

ಇಬ್ಬರೂ ಅದನ್ನೇ ನೋಡಿದರು.

“ಜಗೀತು,” ಅಂದಳು ಅಕ್ಕು.

“ಅರಿವಿ ಮೆತ್ತಗೈತ್ರಿ. ಹಗ್ಗ ಆದ್ರ ಕೊಯ್ತೈತಿ.”

“ಮೆತ್ತಂದೇ ನೋಡ್ಬೇಕು ಅಂದವರು ನೀವು.”

ಮೇಲಿಂದ ಮನೀಶ ಕೂಗಿದ. “ಅಂಕಲ್, ಆಯ್ತಾ? ಪಾನಿ ಆ ರಹಾ ಹೈ!”

“ಹೋ ಗಯಾ ಬೇಟಾ!” ಎಂದು ಸಾಹೇಬರು ಸ್ಪ್ಯಾನರನ್ನು ಚೀಲಕ್ಕೆ ಹಾಕಿದರು. ಅಕ್ಕುವಿನ ಮುಖ ನೋಡಲಿಲ್ಲ.

ಅವಳಿಗೆ ಆಗ ತಿಳಿಯಿತು, ಇದು ಕಣ್ಣು ತಪ್ಪಿ ಉಳಿದ ಸಂದಲ್ಲ. ಇಷ್ಟು ದೋಣಿಗಳಿಗೆ ಕೂರಿಸಿದ ಕೈ. ಮೇಲೆ ನಿಂತ ಹುಡುಗನಿಗೆ ಒಂದು ಮಾತು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಹಲ್ಲಿಗೆ ಸಿಕ್ಕ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾಗೆಯೇ ಕೂತಳು.

“ಏಳ್ರಿ ಅಕ್ಕಾರ. ನೀರು ಬಂತು.”

“ಬರ್ಲಿ.”

“ಪಟ್ಟಿ ಬಿಡ್ರಿ.”

“ಕೊಯ್ದು ಕೊಡಿ, ಏಳ್ತೇನೆ.”

ನೀರು ಸದ್ದಿಲ್ಲದೆ ಕೆಸರಿನ ಗುಳಿಗಳನ್ನು ತುಂಬುತ್ತ ಬಂದು ಹಲಗೆಯನ್ನು ಮುಟ್ಟಿತು, ಅವಳ ಸೀರೆಯ ನಿರಿಗೆಯನ್ನು ಮುಟ್ಟಿತು. ಸಾಹೇಬರು ಮೊಣಕಾಲೂರಿ ಕುಳಿತು, ಸ್ಪ್ಯಾನರ್ ಹೊರಗೆ ತೆಗೆದು, ನಿಂತ ಅಲಗಿನ ಬೋಲ್ಟು ಸಡಿಲಿಸಿದರು. ಕಣ್ಣು ಮುಚ್ಚಿದರು. ಬೆರಳ ತುದಿಯಿಂದ ಸಂದನ್ನು ಮುಟ್ಟಿ ಮುಟ್ಟಿ, ಅಲಗನ್ನು ಒಂದು ಕೂದಲೆಳೆ ಒಳಗೆ ಸರಿಸಿ ಬಿಗಿದರು.

“ಈಗ ತಿರುವ್ರಿ. ನೀವೇ ತಿರುವ್ರಿ.”

ಅವಳು ಸಿಕ್ಕ ಪಟ್ಟಿಯನ್ನು ಬಿಡಿಸಿ ಮತ್ತೆ ಹಲ್ಲಿಗೆ ಕೊಟ್ಟು, ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಪಂಖ ತಿರುಗಿಸಿದಳು. ಪಟ್ಟಿಯ ತುಂಡು ನೀರಿಗೆ ಬಿದ್ದು ತೇಲಿತು. ಹಿಡಿದಿದ್ದ ಕೈಗೆ ಒಂದು ಎಳೆತವೂ ತಿಳಿಯಲಿಲ್ಲ.

“ಕೊಯ್ದದ್ದೇ ಗೊತ್ತಾಗ್ಲಿಲ್ಲ!”

“ಚಲೋ ಕೂಡಿಸಿದ್ದು ಹಂಗ ಇರ್ತೈತ್ರಿ,” ಎಂದರು ಸಾಹೇಬರು. “ಹಗ್ಗ ಬಂತು, ಹೋತು. ಮ್ಯಾಲ ಕುಂತಾಂವಗ ಸುದ್ದಿನೂ ಇರಂಗಿಲ್ಲ.”

ನೀರು ಮೊಣಕಾಲಿಗೆ ಬಂದಾಗ ಏಣಿ ಹತ್ತಿದರು. ಮನೀಶ ಇಬ್ಬರ ಕೈಯನ್ನೂ ಹಿಡಿದು ಮೇಲೆ ಎಳೆದುಕೊಂಡ. “ಥ್ಯಾಂಕ್ಯೂ ಅಂಕಲ್. ಇನ್ನು ನಿಮಗೆ ನನ್ನ ತ್ರಾಸ್ ಇಲ್ಲ,” ಎಂದ. ಸಾಹೇಬರು ಅವನ ಬೆನ್ನು ತಟ್ಟಿದರು. ಲೋಕಲ್ಲಿನಲ್ಲಿ ವಾಪಸು ಬರುವಾಗ ಅಕ್ಕು ಮರೆತು ಅವರ ಬಲಗಡೆಗೆ ಕೂತಿದ್ದಳು. ನೆನಪಾದರೂ ಎದ್ದು ಜಾಗ ಬದಲಿಸಲಿಲ್ಲ.

ಮುಂದೆ ಫೋನು ಮೆಟ್ಟಿಲ ಮೇಲೆ ಇರುತ್ತಿತ್ತು, ಅಷ್ಟೆ. ದೀಪಾವಳಿಗೆ ಒಮ್ಮೆ ರಿಂಗಾಯಿತು. ಸಾಹೇಬರು ಎಡಗಿವಿಗೆ ಒತ್ತಿಕೊಂಡು, “ರಸ್ಸಿ ಬಂದಿತ್ತೇನು ಬೇಟಾ? ಏನರ ಜಗ್ಗಿದಂಗಾತೇನು?” ಎಂದು ಕೇಳಿದರು. ಅತ್ತಲಿಂದ ಮನೀಶ ಹೇಳಿದ್ದು ಅಕ್ಕುವಿಗೂ ಕೇಳಿಸಿತು: “ಇಲ್ಲ ಅಂಕಲ್, ನಥಿಂಗ್! ಏಕ್‌ದಮ್ ಸ್ಮೂತ್.” ಒಳ್ಳೆಯ ಸುದ್ದಿಯೇ. ಸಾಹೇಬರು ಫೋನನ್ನು ಅದರ ಜಾಗದಲ್ಲಿ ಇಟ್ಟು, ಬಹಳ ಹೊತ್ತು ಖಾಲಿ ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಚಿಂದಿ ಕೇಳುವುದು ನಿಂತಿತು. ಅಕ್ಕು ಒಂದೆರಡು ಸಲ ತಾನೇ ಪಟ್ಟಿಗಳನ್ನು ಕಟ್ಟಿಕೊಟ್ಟಳು. “ಇರಲಿ ಬಿಡ್ರಿ, ಯಾವ ಪಂಖಕ್ಕ?” ಎಂದು ಅವರು ಮರಳಿಸಿದರು.

ಚಳಿಯ ದಿನಗಳಲ್ಲಿ ಎದೆ ಹಿಡಿದುಕೊಂಡಿತು. ಕೆಮ್ಮು ಏರಿ ಉಸಿರು ಸಿಕ್ಕಿಕೊಳ್ಳತೊಡಗಿದಾಗ ಅಕ್ಕುವೂ ರುದ್ರವ್ವನೂ ಸೇರಿ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದರು. ನಿಮ್ಮವರು ಯಾರು ಎಂದು ಅಲ್ಲಿಯವರು ಕೇಳಿದಾಗ ರುದ್ರವ್ವ ಒಂದು ಗಳಿಗೆಯೂ ತಡೆಯದೆ, “ಇಕಿ ಅದಾಳಲ್ರಿ,” ಎಂದು ಅಕ್ಕುವನ್ನು ತೋರಿಸಿದಳು. ಅದರಲ್ಲಿ ಕುಹಕವಿರಲಿಲ್ಲ.

ಅಕ್ಕು ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ ಒಯ್ಯುವಳು. ಎಡಗಡೆಯ ಸ್ಟೂಲಿನ ಮೇಲೆ ಕೂತು ಚಮಚೆಯಲ್ಲಿ ಕೊಡುವಳು. ಮನೀಶನಿಗೂ ತಿಳಿಸಿದಳು. ಅವನು ಹಣ್ಣು ಹಿಡಿದು ಬಂದು ಮಂಚದ ಬಳಿ ಸ್ವಲ್ಪ ಹೊತ್ತು ನಿಂತ. ಸಾಹೇಬರು ನಿದ್ದೆಯಲ್ಲಿದ್ದರು. ಎಬ್ಬಿಸಬೇಡಿ ಎಂದು ಅವನೇ ಹೇಳಿ ಹೋದ.

ಎಚ್ಚರವಾದಾಗ ಅಕ್ಕು ಹೇಳಿದಳು, “ಮನೀಶ ಬಂದಿದ್ದ. ನಿಮ್ಮ ಮುಖ ನೋಡಿ ಹೋದ.”

ಸಾಹೇಬರು ಕಣ್ಣರಳಿಸಿದರು. “ಏನರ ಅಂದ?”

“ದೋಣಿ ಚೆನ್ನಾಗಿ ಉಂಟಂತೆ. ಪ್ರತಿ ವಾರ ಹೋಗ್ತಾನಂತೆ. ಒಂದು ದಿನವೂ ನಿಲ್ಲಲಿಲ್ಲ ಅಂತ.”

ಅವರು ತಲೆಯಾಡಿಸಿದರು. ಚಾದರದ ಮೇಲೆ ಅವರ ಹೆಬ್ಬೆರಳು ತೋರುಬೆರಳನ್ನು ಸವರುತ್ತಿತ್ತು, ನಡುವೆ ಏನೋ ಇದೆಯೋ ಇಲ್ಲವೋ ನೋಡುವವರ ಹಾಗೆ. ಗಂಜಿಯ ಚಮಚೆಯನ್ನು ಬೇಡವೆಂದು ಸರಿಸಿ, ಅಕ್ಕು ಬಗ್ಗಿ ಕಿವಿಗೊಡುವವರೆಗೆ ಕಾದು, ಕೇಳಿದರು:

“ಇಷ್ಟ ದಿನಾತಲ್ರಿ ಅಕ್ಕಾರ. ಒಂದಾರ ಹಗ್ಗ ಕೊಯ್ದಿರತೈತೇನ್ರಿ ಅದು?”